ಇನ್ನೂ ಬಾರದ ದಿನಾಂಕ ಹೊತ್ತ ಡಿಎನ್‌ಎಸ್ ದಾಖಲೆಗಳು

ಆಕ್ಟಿವ್ ಡೈರೆಕ್ಟರಿಯಲ್ಲಿ (ಸಂಸ್ಥೆಯ ಬಳಕೆದಾರರು, ಯಂತ್ರಗಳ ವಿವರ ಇಡುವ ವಿಂಡೋಸ್ ವ್ಯವಸ್ಥೆ) ಟೈಮ್‌ಸ್ಟ್ಯಾಂಪ್, ಅಂದರೆ ಸಮಯದ ಮುದ್ರೆ, ತಪ್ಪಿದೆ ಎಂದು ಯಾರಾದರೂ ಹೇಳಿದರೆ, ಅದು ನಿಜಕ್ಕೂ ತಪ್ಪೇ ಎಂದು ಮೊದಲು ನೋಡುತ್ತೇನೆ. ಕೊನೆಯ ಬದಲಾವಣೆಯ ಹೊತ್ತು ಹೇಳುವ ‘ವೆನ್‌ಚೇಂಜ್ಡ್’ ರೆಪ್ಲಿಕೇಟ್ ಆಗುವ (ಸರ್ವರ್‌ನಿಂದ ಸರ್ವರ್‌ಗೆ ನಕಲಾಗುವ) ಫೀಲ್ಡ್ ಅಲ್ಲ, ಹಾಗಾಗಿ ಈ ಡೈರೆಕ್ಟರಿಯನ್ನು ಹೊತ್ತ ಒಂದೊಂದು ಸರ್ವರ್‌ನಲ್ಲಿ, ಅಂದರೆ ಡೊಮೈನ್ ಕಂಟ್ರೋಲರ್‌ನಲ್ಲಿ, ಒಂದೊಂದು ಹೊತ್ತು ಕಾಣುತ್ತದೆ. ಕೊನೆಯ ಲಾಗಿನ್ ತೋರಿಸುವ ‘ಲಾಸ್ಟ್‌ಲಾಗಾನ್‌ಟೈಮ್‌ಸ್ಟ್ಯಾಂಪ್’ 9ರಿಂದ 14 ದಿನ ಹಿಂದೆ ಉಳಿಯುವುದು ಅದರ ವಿನ್ಯಾಸವೇ. 1601ರ ಜನವರಿ 1 ಕಂಡರೆ ಅಲ್ಲಿರುವ ಸಂಖ್ಯೆ ಸೊನ್ನೆ ಎಂದರ್ಥ, ಎಣಿಕೆ ಶುರುವಾಗುವುದೇ ಅಲ್ಲಿಂದ. ಡಿಎನ್‌ಎಸ್ ದಾಖಲೆಯ (ಯಂತ್ರದ ಹೆಸರಿಗೆ ಅದರ ವಿಳಾಸ ಹೇಳುವ ನಮೂದು) ಮುದ್ರೆಯನ್ನಂತೂ ಗಂಟೆಗಳಲ್ಲಿ ಎಣಿಸುತ್ತಾರೆ, ನಿಮಿಷಗಳೇ ಇರುವುದಿಲ್ಲ.

ಒಮ್ಮೆ ಮಾತ್ರ ಇದ್ಯಾವುದೂ ಅಲ್ಲ. ಕೆಲವರಿಗೆ ಲಾಗಿನ್ ಆಗುತ್ತಿರಲಿಲ್ಲ. ಡಿಎನ್‌ಎಸ್ ಮ್ಯಾನೇಜರ್ ತೆರೆದರೆ ಹಲವು ದಾಖಲೆಗಳ ಮೇಲೆ ಮೂರು ತಿಂಗಳು ಮುಂದಿನ ದಿನಾಂಕ. ಗಡಿಯಾರ ಎಲ್ಲೋ ಹಾರಿದೆ, ಆದರೆ ಯಾರದ್ದು? ‘ರೆಪ್ಅಡ್ಮಿನ್’ನ ‘ಶೋಆಬ್ಜ್‌ಮೆಟಾ’ ಆದೇಶವನ್ನು ಆ ದಾಖಲೆಗಳ ಮೇಲೆ ಓಡಿಸಿದೆ. ಬದಲಾವಣೆ ಮೊದಲು ಹುಟ್ಟಿದ ಸರ್ವರ್‌ನ ಹೆಸರನ್ನು ಅದು ಹೇಳುತ್ತದೆ. ಪ್ರತಿ ಸಾಲಿನಲ್ಲೂ ಒಂದೇ ಹೆಸರು: ನಮ್ಮ ಪಿಡಿಸಿ ಎಮ್ಯುಲೇಟರ್, ಅಂದರೆ ಇಡೀ ಡೊಮೈನ್‌ಗೆ ಸಮಯ ಹೇಳಬೇಕಾದ ಯಂತ್ರ.

ಅಲ್ಲಿ ‘ಡಬ್ಲ್ಯು32ಟಿಎಮ್’ನಿಂದ ಸಮಯದ ಮೂಲ ಕೇಳಿದರೆ ಬಂದ ಉತ್ತರ ‘ವಿಎಂ ಐಸಿ ಟೈಮ್ ಸಿಂಕ್ರೊನೈಸೇಶನ್ ಪ್ರೊವೈಡರ್’. ಆ ಯಂತ್ರ ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರನ್ನು ಕೇಳುತ್ತಲೇ ಇರಲಿಲ್ಲ. ಅದೊಂದು ವಿಎಂ, ಅಂದರೆ ವರ್ಚುವಲ್ ಯಂತ್ರ; ತಪ್ಪು ಗಡಿಯಾರದೊಂದಿಗೆ ರೀಬೂಟ್ ಆದ ಹೈಪರ್-ವಿ ಹೋಸ್ಟ್ (ಅದನ್ನು ಓಡಿಸುವ ಸರ್ವರ್) ಹೇಳಿದ್ದನ್ನೇ ನಂಬಿತ್ತು. ಇತರ ಡೊಮೈನ್ ಕಂಟ್ರೋಲರ್‌ಗಳು ಅಷ್ಟು ದೊಡ್ಡ ಜಿಗಿತವನ್ನು ಒಪ್ಪಲಿಲ್ಲ. ಲಾಗಿನ್ ಪರಿಶೀಲಿಸುವ ಕರ್ಬೆರಾಸ್ ಡೀಫಾಲ್ಟ್ ಆಗಿ ಸಹಿಸುವುದು 5 ನಿಮಿಷದ ಅಂತರವನ್ನು ಮಾತ್ರ, ಲಾಗಿನ್ ಕೆಟ್ಟದ್ದು ಅದಕ್ಕೇ.

ಆ ವಿಎಂಗೆ ಹೋಸ್ಟ್‌ನಿಂದ ಬರುವ ಟೈಮ್ ಸಿಂಕ್ ನಿಲ್ಲಿಸಿ ಎನ್‌ಟಿಪಿ ಮೂಲ ಕೊಟ್ಟೆ. ಅಷ್ಟಕ್ಕೇ ಗಡಿಯಾರ ಸರಿಹೋಗುವುದಿಲ್ಲ. ಡೊಮೈನ್ ಕಂಟ್ರೋಲರ್‌ನ ಸಮಯ ಸೇವೆ ಡೀಫಾಲ್ಟ್ ಆಗಿ 48 ಗಂಟೆಗಿಂತ ಹೆಚ್ಚಿನ ತಿದ್ದುಪಡಿಯನ್ನು ಒಪ್ಪುವುದಿಲ್ಲ. ಹಾಗಾಗಿ ಮೊದಲು ಕೈಯಿಂದಲೇ ದಿನಾಂಕ ತಿದ್ದಿ, ಆಮೇಲೆ ರೀಸಿಂಕ್ ಮಾಡಬೇಕಾಯಿತು. ಹಾರಿದ್ದು 180 ದಿನದ ಟೂಂಬ್‌ಸ್ಟೋನ್ ಅವಧಿಯನ್ನು (ಅಳಿಸಿದ ವಸ್ತುಗಳ ಗುರುತು ಉಳಿಸಿಕೊಳ್ಳುವ ಕಾಲ) ಮೀರಿರಲಿಲ್ಲ ಎನ್ನುವುದು ದೊಡ್ಡ ಸಮಾಧಾನ. ಮೀರಿದ್ದರೆ ರೆಪ್ಲಿಕೇಶನ್ನೇ ನಿಲ್ಲುವ ಸಾಧ್ಯತೆಯಿತ್ತು.

ಗಡಿಯಾರ ಸರಿಯಾದರೂ ಡಿಎನ್‌ಎಸ್ ದಾಖಲೆಗಳು ತಾವಾಗಿ ಸರಿಹೋಗಲಿಲ್ಲ. ಮುದ್ರೆ ಭವಿಷ್ಯದಲ್ಲಿರುವವರೆಗೆ ಕ್ಲೈಂಟ್ ಯಂತ್ರ ತನ್ನ ದಾಖಲೆಯ ಮುದ್ರೆಯನ್ನು ಹೊಸದು ಮಾಡುವ ರಿಫ್ರೆಶ್ ಅದನ್ನು ಮುಟ್ಟುವುದಿಲ್ಲ. 7 ದಿನದ ನೋ-ರಿಫ್ರೆಶ್ (ಮುದ್ರೆ ಹೊಸದಾಗದ ಅವಧಿ), 7 ದಿನದ ರಿಫ್ರೆಶ್ (ಹೊಸದಾಗಬಹುದಾದ ಅವಧಿ) ಎರಡರ ಲೆಕ್ಕವೂ ಆ ಭವಿಷ್ಯದ ದಿನದಿಂದಲೇ ಹಿಡಿಯುವುದರಿಂದ ಯಂತ್ರ ಹೋದರೂ ದಾಖಲೆ ಉಳಿಯುತ್ತದೆ. ಒಂದೇ ಏಟಿಗೆ ಎಲ್ಲಕ್ಕೂ ಹೊಸ ಮುದ್ರೆ ಒತ್ತುವ ‘ಏಜ್‌ಆಲ್‌ರೆಕಾರ್ಡ್ಸ್’ ಆದೇಶವಿದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ: ಅದು ಸ್ಟ್ಯಾಟಿಕ್ (ಕೈಯಿಂದ ಸೇರಿಸಿದ) ದಾಖಲೆಗಳಿಗೂ ವಯಸ್ಸು ಕೊಡುತ್ತದೆ, ಎರಡು ವಾರ ಕಳೆದು ಸ್ಕ್ಯಾವೆಂಜಿಂಗ್ (ಹಳೆಯ ದಾಖಲೆಗಳನ್ನು ತಾನಾಗಿ ಅಳಿಸುವ ಕೆಲಸ) ಅವನ್ನೂ ಗುಡಿಸಿಹಾಕುತ್ತದೆ. ನಾನು ಸ್ಕ್ಯಾವೆಂಜಿಂಗ್ ನಿಲ್ಲಿಸಿ, ಭವಿಷ್ಯದ ಮುದ್ರೆಯಿದ್ದವನ್ನಷ್ಟೇ ಹೆಕ್ಕಿ ಅಳಿಸಿ, ಆಯಾ ಯಂತ್ರದಲ್ಲಿ ದಾಖಲೆಯನ್ನು ಮತ್ತೆ ನೋಂದಾಯಿಸುವ ‘ರಿಜಿಸ್ಟರ್‌ಡಿಎನ್‌ಎಸ್’ ಓಡಿಸಿದೆ. ಡೊಮೈನ್ ಕಂಟ್ರೋಲರ್‌ಗಳಲ್ಲಿ ಅವುಗಳ ದಾಖಲೆಗಳನ್ನು ನೋಂದಾಯಿಸುವ ನೆಟ್‌ಲಾಗಾನ್ ಸೇವೆಯನ್ನೂ ರೀಸ್ಟಾರ್ಟ್ ಮಾಡಿದೆ.

ಬಳಕೆದಾರರ ಖಾತೆಗಳ ಮೆಟಾಡೇಟಾದಲ್ಲಿ ಉಳಿದ ಭವಿಷ್ಯದ ದಿನಾಂಕಗಳನ್ನು ಮುಟ್ಟಲಿಲ್ಲ. ರೆಪ್ಲಿಕೇಶನ್ ಸಂಘರ್ಷದಲ್ಲಿ ಮೊದಲು ನೋಡುವುದು ಪ್ರತಿ ಬದಲಾವಣೆಗೂ ಏರುವ ವರ್ಶನ್ ಸಂಖ್ಯೆಯನ್ನು, ಅದು ಸಮವಾದರೆ ಮಾತ್ರ ಸಮಯವನ್ನು. ಮುಂದಿನ ಬದಲಾವಣೆ ಆದಾಗ ಆ ದಿನಾಂಕಗಳೂ ಹೋಗುತ್ತವೆ.