ಮಲೆನಾಡಿನ ಮಳೆಗಾಲದಲ್ಲಿ ಚೋಯಾ ಕಳ್ಳಿ ಉಳಿಸಿಕೊಳ್ಳುವುದು ಹೇಗೆ

ಆಸೆಪಟ್ಟು ಚೋಯಾ ಕಳ್ಳಿ ತಂದು, ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಆಗುವಷ್ಟರಲ್ಲಿ ಬುಡ ಕೊಳೆತು ಗೊಬ್ಬರದ ಗುಂಡಿಗೆ ಹಾಕಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮರಳುಗಾಡಿನ ಗಿಡಕ್ಕೆ ನಮ್ಮ ಚಳಿ ಆಗಿಬರಲಿಲ್ಲ ಅಂತ ಚಳಿಯ ಮೇಲೆ ತಪ್ಪು ಹಾಕುತ್ತಾರೆ. ಚಳಿಯಿಂದ ಇದಕ್ಕೆ ಏನೂ ಆಗುವುದಿಲ್ಲ. ಇದನ್ನು ಕೊಲ್ಲುವುದು ಬೇರಿನ ಹತ್ತಿರ ನಿಲ್ಲುವ ನೀರು, ಅಷ್ಟೇ.

ನಾನು ಹೇಳುತ್ತಿರುವುದು ಪೊದೆಯಾಗಿ ಆಳೆತ್ತರಕ್ಕೆ ಬೆಳೆಯುವ, ಕೋಲಿನಂಥ ಗೆಣ್ಣು ಗೆಣ್ಣಿನ ಜಾತಿಯ ಬಗ್ಗೆ. ಸಸ್ಯಶಾಸ್ತ್ರದಲ್ಲಿ ಸಿಲಿಂಡ್ರೊಪಂಟಿಯಾ ಇಂಬ್ರಿಕೇಟಾ. ತವರು ಅಮೆರಿಕದ ನ್ಯೂ ಮೆಕ್ಸಿಕೊ, ಕೊಲೊರಾಡೊ, ಟೆಕ್ಸಾಸ್ ಕಡೆಯ ಎತ್ತರದ ಒಣ ಬಯಲು, ಮತ್ತೆ ಮೆಕ್ಸಿಕೊದ ಉತ್ತರ ಭಾಗ. ಅಲ್ಲಿ ಬೇಸಿಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ಹಿಮ. ನ್ಯೂ ಮೆಕ್ಸಿಕೊದ ಸೆವಿಯೆಟಾದಂಥ ಜಾಗದಲ್ಲಿ ಇಡೀ ವರ್ಷಕ್ಕೆ 250 ಮಿ.ಮೀ. ಆಸುಪಾಸು ಮಳೆ. ಆಗುಂಬೆಯಲ್ಲಿ ಜುಲೈನಲ್ಲಿ ಅಷ್ಟು ಮಳೆ ಮೂರ್ನಾಲ್ಕು ದಿನಕ್ಕೇ ಬಂದುಬಿಡುತ್ತದೆ. ಹಾಗಾಗಿ ಈ ಗಿಡಕ್ಕೆ ಮೊದಲು ಬೇಕಾದ್ದು ತಲೆ ಮೇಲೊಂದು ಮಾಡು. ಗೊಬ್ಬರ, ಔಷಧಿ ಎಲ್ಲ ಆಮೇಲೆ.

ಕೊಳ್ಳುವ ಮೊದಲು ಮುಳ್ಳನ್ನು ಹತ್ತಿರದಿಂದ ನೋಡಿ. ಚೋಯಾದ ಪ್ರತಿ ಮುಳ್ಳಿಗೂ ತೆಳ್ಳಗೆ ಕಾಗದದಂಥ ಒಂದು ಕವಚ ಇರುತ್ತದೆ. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಕತ್ತಿಯ ಒರೆ ಕಳಚಿದ ಹಾಗೆ ಕವಚ ಕೈಗೆ ಬರುತ್ತದೆ, ಒಳಗಿನ ಮುಳ್ಳು ಅಲ್ಲೇ ಉಳಿಯುತ್ತದೆ. ಸಂಜೆ ಬಿಸಿಲಿಗೆ ಇಡೀ ಗಿಡ ಮಿನುಗುವುದೂ ಈ ಕವಚದಿಂದಲೇ. ಗೀರಿದರೆ ಹಾಲು ಸುರಿಯುತ್ತದಾ? ಹಾಗಾದರೆ ಅದು ನಮ್ಮ ಬೇಲಿಗೆ ಹಾಕುವ ಕಳ್ಳಿಯ ಪೈಕಿ, ಕ್ಯಾಕ್ಟಸ್ ಕುಲವೇ ಅಲ್ಲ.

ಮಣ್ಣಿನ ಪಾಕ ಹೀಗಿರಲಿ. ಅರ್ಧ ಭಾಗ ದಪ್ಪ ಹೊಳೆ ಮರಳು, ಕಾಲು ಭಾಗ ಒಡೆದ ಹಂಚಿನ ಚೂರು, ಉಳಿದದ್ದು ಮಣ್ಣು. ನಮ್ಮ ಕೆಮ್ಮಣ್ಣನ್ನು ಹಾಗೇ ತುಂಬಬೇಡಿ, ಒದ್ದೆಯಾದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತೆಂಗಿನ ನಾರಿನ ಪುಡಿಯಂತೂ ಬೇಡವೇ ಬೇಡ. ಕುಂಡ ಮಣ್ಣಿನದ್ದೇ ಆಗಲಿ, ತಳದ ತೂತು ಹೆಬ್ಬೆರಳು ಹೋಗುವಷ್ಟು ದೊಡ್ಡದಿರಲಿ.

ಗೆಣ್ಣಿನಿಂದ ಗಿಡ ಮಾಡುವುದು ಸುಲಭ. ತವರಲ್ಲೂ ಇದು ಹಬ್ಬುವುದು ಹಾಗೇ: ದನವೋ ಜಿಂಕೆಯೋ ತಾಗಿದರೆ ಗೆಣ್ಣು ಮುರಿದು, ಮೈಗೆ ಅಂಟಿ, ಎಲ್ಲೋ ಬಿದ್ದು ಬೇರು ಬಿಡುತ್ತದೆ. ಅಲ್ಲಿನ ಒಂದು ಜಾತಿಯ ಇಲಿ ಬಿದ್ದ ಗೆಣ್ಣುಗಳನ್ನು ಹೊತ್ತು ತಂದು ಬಿಲದ ಬಾಯಿಗೆ ರಾಶಿ ಹಾಕುತ್ತದೆ, ಒಳ್ಳೇ ಮುಳ್ಳುಬೇಲಿ! ನೀವು ಫೆಬ್ರವರಿ, ಮಾರ್ಚಿನಲ್ಲಿ ಒಂದು ಗೆಣ್ಣು ಮುರಿದು, ನೆರಳಲ್ಲಿ ಎಂಟು ಹತ್ತು ದಿನ ಸುಮ್ನೆ ಬಿಡಿ. ಗಾಯ ಒಣಗಿ ಗಟ್ಟಿಯಾದ ಮೇಲೆ ಒಂದಿಂಚು ಮಣ್ಣಿಗೆ ಊರಿ. ಹಸಿ ಗಾಯ ಊರಿದರೆ ಕೊಳೆಯುತ್ತದೆ.

ಇನ್ನು ಮಳೆಗಾಲ. ಮೃಗಶಿರ ಮಳೆ ಶುರುವಾಗುವ ಮೊದಲೇ ಕುಂಡ ಮಾಡಿನಡಿ ಸೇರಬೇಕು. ಆದರೆ ಕತ್ತಲೆ ಜಗಲಿಗೆ ತಂದಿಡಬೇಡಿ, ಬೆಳಕು ಸಾಲದೆ ಹೊಸ ಗೆಣ್ಣು ಬಿಳುಚಿಕೊಂಡು ಕಡ್ಡಿಯಾಗುತ್ತದೆ. ನನ್ನ ಕೇಳಿದರೆ ಅತಿ ಒಳ್ಳೆಯ ಜಾಗ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೀಟಿನ ಮನೆ. ಮಳೆಗಾಲದಲ್ಲಿ ಹೇಗೂ ಖಾಲಿ ಇರುತ್ತದೆ, ಬೆಳಕು ಧಾರಾಳ, ಮಳೆ ಬೀಳುವುದಿಲ್ಲ. ಎರಡೂ ಕಡೆ ಗಾಳಿ ಆಡುವ ಹಾಗೆ ಮಾತ್ರ ನೋಡಿಕೊಳ್ಳಿ. ಕುಂಡವನ್ನು ಎರಡು ಇಟ್ಟಿಗೆ ಮೇಲೆ ಇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಚೊಂಬು ನೀರೂ ಬೇಡ. ಪಾಪ ಅನಿಸಬಹುದು, ಅನಿಸಲಿ. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದರೆ ಇದು ರಾತ್ರಿ ತಂಪಲ್ಲಿ ಕಾಂಡದ ರಂಧ್ರ ತೆರೆದು ಗಾಳಿ ಎಳೆದುಕೊಂಡು, ಹಗಲು ಮುಚ್ಚಿಕೊಂಡು ಕೂರುತ್ತದೆ. ಒಳಗಿನ ನೀರು ಹೊರಗೆ ಹೋಗುವುದೇ ಕಮ್ಮಿ, ಅದರಲ್ಲೂ ನಮ್ಮ ಶೀತದ ಗಾಳಿಯಲ್ಲಿ ಇನ್ನೂ ಕಮ್ಮಿ. ದೀಪಾವಳಿ ಹೊತ್ತಿಗೆ ಬಿಸಿಲಿಗೆ ಇಟ್ಟು ನೀರು ಶುರು ಮಾಡಿ. ತಳದವರೆಗೆ ಕಡ್ಡಿ ಚುಚ್ಚಿ ತೆಗೆದಾಗ ಮಣ್ಣು ಅಂಟದಿದ್ದರೆ ಇನ್ನೂ ನಾಲ್ಕು ದಿನ ಬಿಟ್ಟು ನೀರು ಹಾಕಿ. ಚಳಿಗಾಲದಲ್ಲಿ ಗೆಣ್ಣು ಸ್ವಲ್ಪ ಸುಕ್ಕಾದರೆ ಗಾಬರಿ ಬೇಡ. ತವರಲ್ಲಿ ಹಿಮ ಬೀಳುವ ಮುಂಚೆ ಇದು ಮೈಯ ನೀರು ಕಮ್ಮಿ ಮಾಡಿಕೊಂಡು ಜೋತುಬೀಳುತ್ತದೆ. ಬುಡ ಮೆತ್ತಗಾಗಿ ಕಂದು ಬಣ್ಣ ಬಂದರೆ ಮಾತ್ರ ಮೇಲಿನ ಒಳ್ಳೇ ಗೆಣ್ಣು ಮುರಿದು ಉಳಿಸಿಕೊಳ್ಳಿ.

ಎಳೇ ಗೆಣ್ಣಿನ ಮೇಲೆ ಇರುವೆ ಓಡಾಡಿದರೆ ತಕ್ಷಣ ಔಷಧಿ ಹೊಡೆಯಬೇಡಿ. ಚೋಯಾ ಸಿಹಿರಸ ಸುರಿಸಿ ತಾನೇ ಇರುವೆಗಳನ್ನು ಕರೆಯುತ್ತದೆ, ಅವು ರಸ ಕುಡಿದು ಗಿಡ ತಿನ್ನುವ ಹುಳಗಳನ್ನು ಓಡಿಸುತ್ತವೆ. ಆದರೆ ಮುಳ್ಳಿನ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಇದ್ದರೆ ಅದು ಹಿಟ್ಟು ತಿಗಣೆ, ಸೋಪಿನ ನೀರಲ್ಲಿ ಹಳೇ ಬ್ರಷ್ ಅದ್ದಿ ತಿಕ್ಕಿ.

ಗುಲಾಬಿ ನೇರಳೆ ಹೂವಿನ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಬಿಟ್ಟರೆ ಮಾತ್ರ ಒಂದು ಕಡ್ಡಿಯಿಂದ ಕೇಸರಗಳನ್ನು ಮುಟ್ಟಿ ನೋಡಿ, ಎಲ್ಲವೂ ನಿಧಾನಕ್ಕೆ ಒಳಗೆ ಬಾಗುತ್ತವೆ.

ಮುಟ್ಟುವಾಗ ಪೇಪರ್ ಪಟ್ಟಿಯಾಗಿ ಮಡಚಿ ಗೆಣ್ಣಿಗೆ ಸುತ್ತಿ ಹಿಡಿಯಿರಿ. ದೊಡ್ಡ ಮುಳ್ಳಿಗಿಂತ ಅದರ ಬುಡದ ಕೂದಲಿನಂಥ ಸಣ್ಣ ಮುಳ್ಳೇ ತಲೆನೋವು. ಚುಚ್ಚಿಕೊಂಡರೆ ಉಜ್ಜಬೇಡಿ. ಚಿಮಟದಲ್ಲಿ ಸಿಕ್ಕಷ್ಟು ತೆಗೆದು, ಉಳಿದದ್ದಕ್ಕೆ ಫೆವಿಕಾಲ್ ಸವರಿ, ಮೇಲೆ ತೆಳು ಬಟ್ಟೆ ಒತ್ತಿ, ಒಣಗಿದ ಮೇಲೆ ಎಳೆಯಿರಿ.

ಮುರಿದ ತುಂಡನ್ನು ಬೇಲಿ ಆಚೆ ಎಸೆಯಲೇಬೇಡಿ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ಇದು ಕಳೆಯಾಗಿ ಹಬ್ಬಿದೆ. ನಮ್ಮಲ್ಲೂ ಹೊರಗಿಂದ ಬಂದ ಪಾಪಾಸುಕಳ್ಳಿ ಹತೋಟಿ ಮಾಡಲು 1926ರಲ್ಲಿ ದಕ್ಷಿಣ ಭಾರತಕ್ಕೆ ಕಳ್ಳಿಯ ರಸ ಹೀರುವ ಕೊಚಿನಿಯಲ್ ಹುಳ ತರಬೇಕಾಯಿತು. ತೀರ್ಥಹಳ್ಳಿಯ ಮಳೆಯಲ್ಲಿ ತುಂಡು ಕೊಳೆತೀತು, ಶಿಕಾರಿಪುರದ ಕಡೆ ಬಯಲಲ್ಲಿ ಬೇರು ಬಿಡಲೂಬಹುದು, ಗೋಮಾಳದಲ್ಲಿ ದನದ ಮೂತಿಗೂ ಅಂಟೀತು. ಕಲ್ಲಿನ ಮೇಲೆ ಪೂರ್ತಿ ಒಣಗಿಸಿ ಬಚ್ಚಲ ಒಲೆಗೆ ಹಾಕಿ. ದಪ್ಪ ಕಾಂಡ ಸಿಕ್ಕರೆ ಮಾತ್ರ ಸುಡಬೇಡಿ. ತಿರುಳು ಹೋದ ಮೇಲೆ ಒಳಗೆ ಜಾಲರಿಯಂಥ ಟೊಳ್ಳು ಕಟ್ಟಿಗೆ ಉಳಿಯುತ್ತದೆ, ಅಮೆರಿಕದಲ್ಲಿ ಅದರಿಂದ ಊರುಗೋಲು ಮಾಡುತ್ತಾರೆ.