ಸಹರಿಗೆ ಒಲೆ ಹಚ್ಚುವುದು ಎಷ್ಟು ಗಂಟೆಗೆ? ರಂಜಾನ್ ತಿಂಗಳಿಗೆ ವಿದ್ಯಾರ್ಥಿನಿಲಯವನ್ನು ಅಣಿಗೊಳಿಸುವ ಬಗೆ

ರಂಜಾನ್ ಹತ್ತಿರ ಬಂತೆಂದರೆ ವಿಶ್ವವಿದ್ಯಾಲಯಗಳಲ್ಲಿ ಮೊದಲು ಗೊತ್ತಾಗುವುದು ಸಂಜೆ ಉಪವಾಸ ಬಿಡುವ ಇಫ್ತಾರ್ ಕೂಟದ ದಿನಾಂಕ. ಶಾಮಿಯಾನ, ಬ್ಯಾನರ್, ಅತಿಥಿಗಳು, ಫೋಟೊ. ಆ ಒಂದು ಸಂಜೆ ಚೆನ್ನಾಗಿಯೇ ನಡೆಯುತ್ತದೆ. ಉಳಿದ ದಿನಗಳ ಬೆಳಗಿನ ಜಾವದಲ್ಲಿ ಅದೇ ಮಕ್ಕಳು ಎರಡು ಬಿಸ್ಕತ್ತು ತಿಂದು, ತಣ್ಣೀರು ಕುಡಿದು ಉಪವಾಸ ಹಿಡಿಯುವುದನ್ನು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದ ವಾರ್ಡನ್ ಆಗಿ ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ಬರಹದ ದೊಡ್ಡ ಪಾಲು ಸಹರಿಗೇ, ಎಂದರೆ ಉಪವಾಸ ಹಿಡಿಯುವ ಮೊದಲು ಬೆಳಗಿನ ಜಾವ ಮಾಡುವ ಊಟಕ್ಕೇ ಮೀಸಲು.

ಮೊದಲು ಪಂಚಾಂಗ ನೋಡಿ

ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ರಂಜಾನ್ ಪ್ರತಿವರ್ಷ ಹತ್ತು, ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ನಮ್ಮಲ್ಲಿ 2024ರಲ್ಲಿ ಮಾರ್ಚ್ 12ಕ್ಕೆ ಶುರುವಾದದ್ದು 2025ರಲ್ಲಿ ಮಾರ್ಚ್ 2ಕ್ಕೇ ಬಂತು. ಕಳೆದ ವರ್ಷದ ಸುತ್ತೋಲೆಯ ದಿನಾಂಕವನ್ನಷ್ಟೇ ತಿದ್ದಿ ಹೊರಡಿಸಬೇಡಿ. ಸೂರ್ಯೋದಯ, ಸೂರ್ಯಾಸ್ತಗಳ ಹೊತ್ತೂ ಬದಲಾಗಿರುತ್ತದೆ. ಊರಿಂದ ಊರಿಗೂ ವ್ಯತ್ಯಾಸವಿದೆ. ಮಂಗಳೂರಿನಲ್ಲಿ ಬೆಂಗಳೂರಿಗಿಂತ ಸುಮಾರು ಹನ್ನೊಂದು ನಿಮಿಷ ತಡ. ಹತ್ತಿರದ ಮಸೀದಿಯಲ್ಲಿ ಸಿಗುವ ವೇಳಾಪಟ್ಟಿಯನ್ನು ತಂದು ಊಟದ ಮನೆಯ ಗೋಡೆಗೆ ಅಂಟಿಸಿ. ಮೊಬೈಲ್ ಆ್ಯಪ್‌ಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತವೆ, ಅಡುಗೆಯವರಿಗೆ ಗೊಂದಲವಾಗುತ್ತದೆ.

ಹೆಸರು ಬರೆಸಿಕೊಳ್ಳುವಾಗ

ಇಲ್ಲಿ ನಾವೇ ಒಮ್ಮೆ ದೊಡ್ಡ ತಪ್ಪು ಮಾಡಿದೆವು. 'ಉಪವಾಸ ಇರುವವರು' ಎಂದು ಪಟ್ಟಿ ಮಾಡಿ, ಅದರಲ್ಲಿದ್ದವರ ಮಧ್ಯಾಹ್ನದ ಊಟವನ್ನು ತಿಂಗಳಿಡೀ ರದ್ದು ಮಾಡಿದೆವು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ರೋಜಾ, ಎಂದರೆ ಉಪವಾಸ ಇರುವುದಿಲ್ಲ. ಬಿಟ್ಟುಹೋದ ದಿನಗಳನ್ನು ಆಮೇಲೆ ತುಂಬಿಕೊಡುತ್ತಾರೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಕೂಡ ವಿನಾಯಿತಿ ಇದೆ. ನಮ್ಮ ಒಬ್ಬ ವಿದ್ಯಾರ್ಥಿನಿ ಆ ದಿನಗಳಲ್ಲಿ ಊಟ ಕೇಳಲು ನಾಚಿ, ಕೋಣೆಯ ಬಾಗಿಲು ಹಾಕಿಕೊಂಡು ಬ್ರೆಡ್ ತಿಂದು ದಿನ ದೂಡಿದ್ದಳು. ನನಗೆ ಗೊತ್ತಾಗುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು.

ಈಗ ನಾವು ಕೇಳುವುದು ಒಂದೇ ಪ್ರಶ್ನೆ: ಸಹರಿ ಬೇಕೇ? ಮಧ್ಯಾಹ್ನದ ಊಟವನ್ನು ಯಾರಿಗೂ ರದ್ದು ಮಾಡುವುದಿಲ್ಲ. ಸ್ವಲ್ಪ ಅನ್ನ ಉಳಿದರೆ ಉಳಿಯಲಿ. 'ಇವತ್ತು ಯಾಕಮ್ಮಾ ರೋಜಾ ಇಲ್ಲ?' ಎಂದು ಕೇಳಬಾರದೆಂದು ಬಡಿಸುವವರಿಗೂ ಗೇಟಿನ ಕಾವಲುಗಾರರಿಗೂ ಮೊದಲೇ ಹೇಳಿಡಿ. ಮಧುಮೇಹದಂತಹ ತೊಂದರೆ ಇರುವವರು ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕಾಣಲಿ.

ಸಹರಿ: ಹಿಂದಿನಿಂದ ಲೆಕ್ಕ ಹಾಕಿ

ಎಲ್ಲೆಡೆ ನಡೆಯುವ ತಪ್ಪು ಒಂದೇ. ರಾತ್ರಿ ಎಂಟೂವರೆಗೆ ಉಳಿದ ಅನ್ನ, ಸಾಂಬಾರನ್ನು ಅಲ್ಯೂಮಿನಿಯಂ ಹಾಳೆಯ ಡಬ್ಬಿಗಳಿಗೆ ತುಂಬಿ, 'ಬೆಳಿಗ್ಗೆಗೆ ಇಟ್ಟುಕೊಳ್ಳಿ' ಎಂದು ಕೊಟ್ಟುಬಿಡುವುದು. ಮಾರ್ಚಿನ ಸೆಕೆಗೆ ಆ ಅನ್ನ ನಾಲ್ಕೂವರೆಗೆಲ್ಲ ಹಳಸಿರುತ್ತದೆ. ಅಂಥದ್ದನ್ನು ತಿಂದು ಹೊಟ್ಟೆ ಕೆಟ್ಟರೆ ಆ ಹುಡುಗಿ ಸಂಜೆಯವರೆಗೆ ನೀರನ್ನೂ ಕುಡಿಯದೆ ತರಗತಿಯಲ್ಲಿ ಕೂರಬೇಕು. ದಯವಿಟ್ಟು ರಾತ್ರಿಯ ಪೊಟ್ಟಣ ಕೊಡಬೇಡಿ.

ಮಾರ್ಚ್ ಮೊದಲ ವಾರ ಬೆಂಗಳೂರಿನಲ್ಲಿ ಫಜ್ರ್, ಎಂದರೆ ಬೆಳಗಿನ ಜಾವದ ನಮಾಜಿನ ಹೊತ್ತು ಸುಮಾರು 5.20. ಅಷ್ಟರೊಳಗೆ ಊಟ, ನೀರು ಎರಡೂ ಮುಗಿದಿರಬೇಕು. ಅಲ್ಲಿಂದ ಹಿಂದಕ್ಕೆ ಬನ್ನಿ. ನಿಧಾನವಾಗಿ ಉಣ್ಣಲು ಮುಕ್ಕಾಲು ಗಂಟೆಯಾದರೂ ಬೇಕು, ಎಂದರೆ 4.30ಕ್ಕೆ ತಟ್ಟೆ ಹಾಕಬೇಕು. ನಲವತ್ತು ಜನರಿಗೆ ಚಪಾತಿ, ಪಲ್ಯ ಬಿಸಿಯಾಗಿ ಸಿಗಬೇಕಾದರೆ 3.45ಕ್ಕೆ ಒಲೆ ಹಚ್ಚಬೇಕು. ಇದು ಸಾಧ್ಯವಾಗುವುದು ಹಿಂದಿನ ರಾತ್ರಿಯ ಕೆಲಸದಿಂದ: ತರಕಾರಿ ಹೆಚ್ಚಿ ಫ್ರಿಜ್ಜಿನಲ್ಲಿಡಬೇಕು, ಹಿಟ್ಟು ಕಲಸಿಡಬೇಕು, ತುಂಬಿದ ಸಿಲಿಂಡರ್ ಒಂದು ಹೆಚ್ಚಿಗೆ ಇರಬೇಕು. ನೀರಿನ ತೊಟ್ಟಿಯನ್ನು ರಾತ್ರಿ ಹತ್ತಕ್ಕೇ ತುಂಬಿಸಿ. ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆದು ವುಝೂ ಮಾಡಲು ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುತ್ತಾರೆ. ಆಗ ಪಂಪ್ ಹಾಕಿದರೆ ಆ ಸದ್ದಿಗೆ ಇಡೀ ಕಟ್ಟಡ ಏಳುತ್ತದೆ.

ಅಡುಗೆಯವರ ವಿಷಯ ಇನ್ನೂ ಮುಖ್ಯ. ನಮ್ಮ ಅಡುಗೆಯ ಅಕ್ಕ ಮೊದಲ ವರ್ಷವೇ ನನ್ನ ಬಳಿ ಬಂದು, 'ಮೇಡಂ, ಮಾಡಿಕೊಡುತ್ತೇನೆ. ಆದರೆ ಸಹರಿಯೂ ನಾನೇ, ತಿಂಡಿಯೂ ನಾನೇ ಎಂದರೆ ಮೂರನೇ ದಿನಕ್ಕೆ ಮಲಗುತ್ತೇನೆ' ಎಂದರು. ಅವರು ಹೇಳಿದ್ದು ಸರಿ. ಸಹರಿ ಮಾಡಿದವರಿಗೆ ಆ ದಿನ ತಿಂಡಿಯ ಪಾಳಿ ಬೇಡ. ಇಬ್ಬರು ವಾರಕ್ಕೊಮ್ಮೆ ಪಾಳಿ ಬದಲಿಸಿಕೊಳ್ಳಲಿ, ಹೆಚ್ಚುವರಿ ಕೂಲಿ ವಾರವಾರವೂ ಕೈಸೇರಲಿ. ಹಬ್ಬಕ್ಕೆ ಸೀರೆ ಕೊಟ್ಟರಾಯಿತು ಎಂದುಕೊಳ್ಳುವುದು ಅನ್ಯಾಯ.

ಇನ್ನು ಏನು ಬಡಿಸಬೇಕು? ಚಪಾತಿ ಅಥವಾ ರಾಗಿಮುದ್ದೆ, ಬೇಳೆ ಇಲ್ಲವೇ ಮೊಟ್ಟೆ, ಮೊಸರು, ಬಾಳೆಹಣ್ಣು. ಬರೀ ಬಿಳಿ ಅನ್ನ ಬೇಗ ಕರಗಿ ಹತ್ತು ಗಂಟೆಗೇ ಹಸಿವು ಹುಟ್ಟಿಸುತ್ತದೆ, ನಾನು ಅದನ್ನು ಸಹರಿಗೆ ಒಪ್ಪುವುದೇ ಇಲ್ಲ. ಉಪ್ಪಿನಕಾಯಿ, ಹಪ್ಪಳವೂ ಬೇಡ, ಬಾಯಾರಿಕೆ ಹೆಚ್ಚುತ್ತದೆ. ಅಡುಗೆಯವರು ಬಾರದ ದಿನಕ್ಕೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರಿಸಿಡಿ. ಮೊಸರಿನ ಜೊತೆ ಅದೇ ಒಳ್ಳೆಯ ಊಟ. ಕಲಬುರಗಿಯ ಹುಡುಗಿಯರು ನನಗೆ ಕಲಿಸಿದ ಉಪಾಯವಿದು.

'ಇಂಡಕ್ಷನ್ ಒಲೆ ಕೊಟ್ಟರೆ ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಾರೆ' ಎಂಬ ಅಡ್ಡದಾರಿಯನ್ನು ಹಲವರು ಸೂಚಿಸುತ್ತಾರೆ. ಹಳೆಯ ಕಟ್ಟಡದ ವೈರಿಂಗ್ ಒಂದೇ ಹೊತ್ತಿಗೆ ಹತ್ತು ಒಲೆಗಳನ್ನು ತಾಳುವುದಿಲ್ಲ. ಮಕ್ಕಳ ನಿದ್ದೆಯೂ ಕೆಡುತ್ತದೆ.

ಎಬ್ಬಿಸುವುದಕ್ಕೆ ಗಂಟೆ ಬಾರಿಸಬೇಡಿ, ಬಾಗಿಲು ಬಡಿಯಬೇಡಿ. ಪ್ರತಿ ಮಹಡಿಗೆ ಒಬ್ಬಳು ಫೋನ್ ಮಾಡಿ ಎಬ್ಬಿಸಲಿ. ಮೊಗಸಾಲೆಯ ದೀಪ ಮಾತ್ರ ಉರಿಯುತ್ತಿರಲಿ, ಕತ್ತಲಲ್ಲಿ ಮೆಟ್ಟಿಲಿಳಿಯುವಂತಾಗಬಾರದು.

ತರಗತಿ, ಪರೀಕ್ಷೆ

ಪ್ರಾಯೋಗಿಕ ಪರೀಕ್ಷೆಗಳನ್ನು ಸಾಧ್ಯವಾದಷ್ಟು ಬೆಳಗಿನ ಹೊತ್ತಿಗೆ ಹಾಕಿ. ರಕ್ತದಾನ ಶಿಬಿರ, ಓಟದ ಸ್ಪರ್ಧೆಗಳನ್ನು ಈ ತಿಂಗಳಿನಿಂದ ಆಚೆಗೆ ಸರಿಸಿ. ಸಂಜೆಯ ತರಗತಿ ಇದ್ದರೆ ಸೂರ್ಯಾಸ್ತಕ್ಕೆ ಐದು ನಿಮಿಷ ಬಿಡುವು ಕೊಡಿ, ಕುಳಿತಲ್ಲೇ ಖರ್ಜೂರ ತಿಂದು ನೀರು ಕುಡಿಯಲಿ. ಗೆಳತಿಯರು ಎದುರಿಗೆ ಊಟ ಮಾಡಲು ಸಂಕೋಚಪಡಬೇಕಿಲ್ಲ ಎಂದು ಉಪವಾಸವಿದ್ದವರೇ ನನಗೆ ಹೇಳಿದ್ದಾರೆ. ಅವರನ್ನು ನೋಯಿಸುವುದು 'ನೀರೂ ಕುಡಿಯಬಾರದೇ?' ಎಂದು ದಿನಕ್ಕೆ ಹತ್ತು ಬಾರಿ ಕೇಳುವುದು.

ಇಫ್ತಾರ್

ಖರ್ಜೂರ, ನೀರು, ಕಲ್ಲಂಗಡಿ, ಒಂದು ಬಿಸಿ ತಿಂಡಿ. ಮಾಂಸ ಕೊಡುವುದಾದರೆ ಹಲಾಲ್ ಅಂಗಡಿಯಿಂದ ತನ್ನಿ. ಸಕ್ಕರೆ ಪಾಕ ಸವರಿ ಹೊಳೆಯುವಂತೆ ಮಾಡಿದ ಅಗ್ಗದ ಖರ್ಜೂರವನ್ನೂ ಬಣ್ಣದ ಪುಡಿ ಕಲಸಿದ ಷರಬತ್ತನ್ನೂ ಕೊಳ್ಳಬೇಡಿ. ಖಾಲಿ ಹೊಟ್ಟೆಗೆ ನಿಂಬೆ ಪಾನಕವೇ ಮೇಲು. ಕರಾವಳಿಯ ಬ್ಯಾರಿ ಮುಸ್ಲಿಂ ಸಮುದಾಯದ ಹುಡುಗಿಯರು ಉಪವಾಸವನ್ನು 'ನೋಂಬು' ಎನ್ನುತ್ತಾರೆ, ಅದನ್ನು ಬಿಡುವಾಗ ಗಂಜಿ ಬಯಸುತ್ತಾರೆ. ಕೇಳಿ ಮಾಡಿಸಿ.

ರಾತ್ರಿ ಮತ್ತು ಹಬ್ಬ

ರಾತ್ರಿಯ ಇಶಾ ನಮಾಜು ಆದ ಮೇಲೆ ರಂಜಾನಿನ ವಿಶೇಷವಾದ ತರಾವೀಹ್ ನಮಾಜು ತಡರಾತ್ರಿಯವರೆಗೆ ನಡೆಯುವುದುಂಟು. ಹುಡುಗರ ನಿಲಯದಲ್ಲಿ ಗೇಟಿನ ಹೊತ್ತು ಸಡಿಲಿಸಿ ಹುಡುಗಿಯರ ನಿಲಯದಲ್ಲಿ ಬಿಗಿಯಾಗಿಡುವುದನ್ನು ನಾನು ಒಪ್ಪುವುದಿಲ್ಲ. ಹೊರಗೆ ಹೋಗದವರಿಗೆ ಓದುವ ಕೋಣೆಯೊಂದನ್ನು ಗುಡಿಸಿ, ಚಾಪೆ ಹಾಸಿ ಬಿಟ್ಟುಕೊಡಿ.

ಹಬ್ಬದ ದಿನ ಚಂದ್ರದರ್ಶನದ ಮೇಲೆ ನಿಂತಿದೆ. 2024ರಲ್ಲಿ ಕೇರಳದಲ್ಲಿ ಏಪ್ರಿಲ್ 10ರಂದು ಈದ್, ಬೆಂಗಳೂರಿನಲ್ಲಿ 11ರಂದು. ಒಂದೇ ನಿಲಯದಲ್ಲಿ ಎರಡೂ ಕಡೆಯ ಮಕ್ಕಳಿರುತ್ತಾರೆ. ಸರ್ಕಾರಿ ರಜೆಯ ಹಿಂದಿನ ದಿನ, ಮರುದಿನ ಎರಡರಲ್ಲೂ ಪರೀಕ್ಷೆ ಇಡಬೇಡಿ.

ಈದ್ ಮುಗಿದ ಕೂಡಲೇ ಸಹರಿಯ ಪಾತ್ರೆಗಳನ್ನು ಅಟ್ಟಕ್ಕೇರಿಸುವುದೂ ಬೇಡ. ಮುಂದಿನ ತಿಂಗಳು ಶವ್ವಾಲ್‌ನಲ್ಲಿ ಆರು ದಿನ ಉಪವಾಸ ಇರುವವರಿದ್ದಾರೆ, ಬಿಟ್ಟುಹೋದ ರೋಜಾಗಳನ್ನು ತುಂಬಿಕೊಡುವ ಹುಡುಗಿಯರಿದ್ದಾರೆ. ಆಗ ಊಟದ ಮನೆ ಕತ್ತಲಾಗಿರುತ್ತದೆ, ಜೊತೆಗೆ ಏಳುವವರೂ ಇರುವುದಿಲ್ಲ. ಬೇಕೆಂದವರಿಗೆ ಅಡುಗೆಮನೆಯ ಹೊರಗೆ ಜೋಳದ ರೊಟ್ಟಿಯ ಡಬ್ಬಿ, ಚಟ್ನಿಪುಡಿ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಬಿಸಿ ಹಾಲು ಇಟ್ಟು, ಮೇಲಿನ ದೀಪ ಉರಿಯಲು ಬಿಡಿ.