ಆಶಾ ದುಡ್ಡಿನ ಲೆಕ್ಕ ನಾನೇ ಇಟ್ಕೊಂಡಿದ್ದು ಹೇಗೆ

ನಾನು ಬೆಂಗಳೂರಿನ ಲಗ್ಗೆರೆ ಕಡೆ ಆಶಾ, ಅಂದ್ರೆ ಮನೆ ಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತೆ ಕೆಲಸ ಮಾಡ್ತೀನಿ. ಮೊದಲೆಲ್ಲಾ ಯಾವ ಕೆಲಸಕ್ಕೆ ದುಡ್ಡು ಬಂತು, ಯಾವುದಕ್ಕೆ ಬರ್ಲಿಲ್ಲ ಅಂತಾನೇ ಗೊತ್ತಾಗ್ತಿರ್ಲಿಲ್ಲ, ಬ್ಯಾಂಕ್ ಮೆಸೇಜ್ ಬಂದ್ರೆ ಬಂತು ಅಷ್ಟೆ. ಒಂದ್ಸಲ ಮಗಳ ಸ್ಕೂಲ್ ಫೀಸಿಗೆ ಅಂತ ಎಟಿಎಂಗೆ ಹೋದ್ರೆ ಅಕೌಂಟಲ್ಲಿ ಇದ್ದಿದ್ದು 812 ರೂಪಾಯಿ. ಅವತ್ತು ರಾತ್ರಿನೇ ಅವಳ ಹಳೇ ನೋಟ್‌ಬುಕ್ಕಲ್ಲಿ ಉಳಿದಿದ್ದ ಖಾಲಿ ಹಾಳೆಲಿ ಗೆರೆ ಹಾಕ್ಕೊಂಡು ಬರೆಯೋಕೆ ಕೂತೆ.

ಬರೀತಾ ಬರೀತಾ ಅರ್ಥ ಆಗಿದ್ದು ಏನಂದ್ರೆ ನಮ್ಮ ದುಡ್ಡು ಎರಡು ದಾರೀಲಿ ಬರತ್ತೆ. ಒಂದು ರಾಜ್ಯ ಸರ್ಕಾರದ ಗೌರವಧನ, 2025ರ ಶುರುವಲ್ಲಿ ತಿಂಗಳಿಗೆ 5000 ಇತ್ತು, ಅದು ಫಿಕ್ಸ್. ಇನ್ನೊಂದು ಎನ್‌ಎಚ್‌ಎಂ, ಅಂದ್ರೆ ರಾಷ್ಟ್ರೀಯ ಆರೋಗ್ಯ ಮಿಷನ್ ಪ್ರೋತ್ಸಾಹಧನ, ಕೇಂದ್ರ 60 ರಾಜ್ಯ 40 ಅಂತ ಪಾಲು ಹಾಕೋದು, ಅದ್ರಲ್ಲಿ ಬಹಳಷ್ಟು ಮಾಡಿದ ಕೆಲಸದ ಲೆಕ್ಕ. ಗಾರ್ಮೆಂಟ್ಸಲ್ಲಿ ಪೀಸ್ ಲೆಕ್ಕ ಇರತ್ತಲ್ಲ ಹಂಗೆ. ಗಾರ್ಮೆಂಟ್ಸಲ್ಲಿರೋ ನಮ್ ತಂಗಿಗೆ ಪಿಎಫ್ ಆದ್ರೂ ಇದೆ, ನಂಗೆ ಅದೂ ಇಲ್ಲ, ಕಾಗದದಲ್ಲಿ ನಾವು ಸ್ವಯಂಸೇವಕರಂತೆ!

ಸಿಟೀಲಿ ಈ ಪೀಸ್ ಲೆಕ್ಕ ಎಲ್ಲಿ ಕೈ ಕೊಡತ್ತೆ ನೋಡಿ. ಯಾದಗಿರಿ ಕಡೆಯ ಹುಡುಗಿ ಒಬ್ಳು, ಬಿಲ್ಡಿಂಗ್ ಕೆಲಸದವಳು. ಮೂರನೇ ತಿಂಗಳಿಂದ ತಾಯಿ ಕಾರ್ಡ್ ಮಾಡ್ಸಿ, ಬಿಪಿ, ರಕ್ತ, ಸ್ಕ್ಯಾನಿಂಗು ಅಂತ ಎಲ್ಲದಕ್ಕೂ ನಾನೇ ಕರ್ಕೊಂಡ್ ಹೋಗಿದ್ದೆ. ಎಂಟು ತುಂಬ್ತಿದ್ದಂಗೆ "ಊರಿಗ್ ಹೊಂಟೀನ್ರಿ ಅಕ್ಕಾ, ಚೊಚ್ಚಲ ಐತಿ, ಅವ್ವನ ಮನ್ಯಾಗ ಆಗ್ಬೇಕು" ಅಂದ್ಳು. ಬೇಡ ಅನ್ನೋಕಾಗತ್ತಾ? ಸಿಟೀಲಿ ಜನನಿ ಸುರಕ್ಷಾ ಅನ್ನೋ ಆಸ್ಪತ್ರೆ ಹೆರಿಗೆ ಯೋಜನೇಲಿ ನಮಗೆ ಒಂದು ಕೇಸಿಗೆ 400, ಅದ್ರಲ್ಲಿ ಹೆರಿಗೆ ಪಾಲು 200 ಹೋಯ್ತು. ಹುಟ್ಟಿದ್ಮೇಲೆ 42 ದಿನದೊಳಗೆ ಆರು ಸಲ ಮಗು ನೋಡಿದ್ರೆ 250, ಅದೂ ಹೋಯ್ತು. ಮಗುಗೆ ಐದು ತಿಂಗಳಾದ್ಮೇಲೆ ವಾಪಸ್ ಬಂದ್ಳು, ಲಸಿಕೆಗೆ ಮತ್ತೆ ನಾನೇ ಅವಳ ಹಿಂದೆ ಓಡಾಡ್ದೆ.

ಹಂಗಾಗಿ ಬುಕ್ಕಲ್ಲಿ ಈಗ ತಾರೀಖು, ತಾಯಿ ಕಾರ್ಡ್ ನಂಬರು, ಮಾಡಿದ ಕೆಲಸ, ಸಿಸ್ಟರ್ ಸೈನು, ಕೊನೆಗೆ ಪಾಸ್‌ಬುಕ್ಕಲ್ಲಿ ಬಿದ್ದ ದಿನ ಎಲ್ಲಾ ಬರೀತೀನಿ. ಕ್ಲೇಮ್ ಫಾರಂ ಕೊಡೋ ಮುಂಚೆ ಫೋಟೋ ಹೊಡ್ಕೊಂಡ್ಬಿಡ್ತೀನಿ, ಯಾಕಂದ್ರೆ ಒಂದ್ಸಲ ಕೊಟ್ಟಿದ್ ಫಾರಮ್ಮೇ ಇಲ್ಲ ಅಂದ್ರು. ಮೂರು ತಿಂಗಳ ಬುಕ್ಕು ಫೋಟೋ ಎರಡೂ ಹಿಡ್ಕೊಂಡು ಆಫೀಸಿಗೆ ಹೋದ್ಮೇಲೆ, ನಮ್ಮ ಕೆಲಸ ದಾಖಲು ಮಾಡೋ ಆನ್‌ಲೈನ್ ಪೋರ್ಟಲ್‌ಲಿ ಎಂಟ್ರಿನೇ ಆಗದ ಹನ್ನೊಂದು ಕೆಲಸ ಸಿಕ್ತು, ಅದ್ರಲ್ಲಿ ಎಂಟಕ್ಕೆ ದುಡ್ಡು ಬಂತು. ಒಬ್ಳೇ ಹೋದಾಗ ನಾಳೆ ಬಾ ಅಂತಿದ್ರು, ಆರು ಜನ ಒಟ್ಟಿಗೆ ಹೋದ್ವಿ ನೋಡಿ, ಕೂತ್ಕೊಳ್ಳಿ ಮೇಡಂ ಅಂದ್ರು.

2025ರ ಜನವರೀಲಿ ಆಶಾಗಳ ಹೋರಾಟಕ್ಕೆ ಅಂತ ಫ್ರೀಡಂ ಪಾರ್ಕಲ್ಲಿ ಚಳೀಲಿ ಮಲಗಿದಾಗ್ಲೂ ಬುಕ್ಕು ಬ್ಯಾಗಲ್ಲೇ ಇತ್ತು. ಗೌರವಧನ, ಪ್ರೋತ್ಸಾಹಧನ ಎರಡೂ ಸೇರಿ ತಿಂಗಳಿಗೆ ಕನಿಷ್ಠ 10,000 ಅಂತ ಭರವಸೆ ಸಿಕ್ಕಿದ್ದು ಆಗ್ಲೇ. ನನ್ ಪ್ರಕಾರ ಬಜೆಟ್ಟಲ್ಲೇ ಇಟ್ಟು ಫಿಕ್ಸ್ ಆಗಿ ಕೊಡೋ ಪಾಲು ಜಾಸ್ತಿ ಆಗ್ಬೇಕು, ಪೀಸ್ ಪಾಲು ಕಮ್ಮಿ ಆಗ್ಬೇಕು. ಜನ ಮನೆ ಖಾಲಿ ಮಾಡ್ಕೊಂಡು ಹೋದ್ರೆ ನನ್ ದುಡ್ಡೂ ಅವರ ಜೊತೆ ಟೆಂಪೋ ಹತ್ಬಾರ್ದು ಅಲ್ವಾ.

ಆ ಉಳಿದ ಮೂರು ಎಂಟ್ರಿ ಮುಂದೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿಟ್ಟಿದೀನಿ, ಮುಂದಿನ ಮೀಟಿಂಗಲ್ಲಿ ಮತ್ತೆ ಕೇಳ್ಬೇಕು.